ಬಡೆಸೋಪಿನ ತಟ್ಟೆಯ ಪಕ್ಕದ ಕೋಡ್: ಖಾನಾವಳಿಯಲ್ಲಿ ಗೂಗಲ್ ರಿವ್ಯೂ ಕ್ಯೂಆರ್ ಬಳಸಿದ ಒಂದು ವರ್ಷದ ಅನುಭವ

ಹುಬ್ಬಳ್ಳಿಯಲ್ಲಿ ನನ್ನ ಅಕ್ಕ ಒಂದು ಸಣ್ಣ ಖಾನಾವಳಿ ನಡೆಸುತ್ತಾರೆ. ಜೋಳದ ರೊಟ್ಟಿ, ಎಣಗಾಯಿ, ಒಂದು ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ, ಸಾರು ಅಲ್ಲಿನ ನಿತ್ಯದ ಊಟ. ಅಡುಗೆ ಮತ್ತು ಆಡಳಿತ ಅಕ್ಕನದು. ಲೆಕ್ಕಪತ್ರ ಮತ್ತು ಮೊಬೈಲಿಗೆ ಸಂಬಂಧಿಸಿದ ಎಲ್ಲ ಕೆಲಸ ನನ್ನದು. ಗಿರಾಕಿಗಳಿಂದ ಗೂಗಲ್‌ನಲ್ಲಿ ಅಭಿಪ್ರಾಯ ಬರೆಸಿಕೊಳ್ಳುವುದಕ್ಕಾಗಿ ಕಳೆದ ಒಂದು ವರ್ಷದಲ್ಲಿ ನಾವು ಎರಡು ಬಗೆಯ ಕ್ಯೂಆರ್ ಕೋಡ್‌ಗಳನ್ನು ಬಳಸಿದೆವು. ಮೊದಲನೆಯದು ಒಬ್ಬ ಮಾರಾಟಗಾರರಿಂದ ಹಣ ಕೊಟ್ಟು ಕೊಂಡ ಅಕ್ರಿಲಿಕ್ ಸ್ಟ್ಯಾಂಡ್ ಮತ್ತು ಅದರ ಜೊತೆಗೆ ಬಂದ ಚಂದಾದ ಸೇವೆ; ಎರಡನೆಯದು ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ ಅಂಗಡಿಯ ಪುಟವನ್ನು ಮಾಲೀಕರೇ ನೋಡಿಕೊಳ್ಳುವ ಸೌಲಭ್ಯ) ಉಚಿತವಾಗಿ ಕೊಡುವ ಕೋಡ್. ಅಂಗಡಿ, ಹೋಟೆಲು, ಗ್ಯಾರೇಜು, ಹೊಲಿಗೆ ಅಂಗಡಿ ನಡೆಸುವ ಹಲವರು ಈ ಬಗ್ಗೆ ನನ್ನನ್ನು ಕೇಳಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಉಚಿತ ಕೋಡ್ ಸಾಕು, ಅದೇ ಉತ್ತಮ, ಹಣ ಕೊಟ್ಟು ಕೊಂಡ ಸೇವೆಯನ್ನು ಯಾರಿಗೂ ಶಿಫಾರಸು ಮಾಡಲಾರೆ.

ಇದರ ಅಗತ್ಯ ನಮಗೆ ಏಕೆ ಬಿತ್ತು ಎಂಬುದನ್ನು ಹೇಳಬೇಕು. ದಿನಾ ಊಟಕ್ಕೆ ಬರುವವರು ರಿವ್ಯೂ ಬರೆಯುವುದಿಲ್ಲ. ಅವರ ಮಟ್ಟಿಗೆ ನಾಳೆ ಮತ್ತೆ ಬರುವುದೇ ಅಭಿಪ್ರಾಯ. ಆದರೆ ಆಸ್ಪತ್ರೆಗೆ ರೋಗಿಯನ್ನು ಕರೆತಂದವರು, ಪರೀಕ್ಷೆಗೆ ಮಕ್ಕಳನ್ನು ಕರೆತಂದವರು, ಬಸ್ಸಿಗೆ ಎರಡು ತಾಸು ಕಾಯಬೇಕಾದವರು ಮೊಬೈಲಿನ ನಕಾಶೆಯಲ್ಲಿ ‘ಖಾನಾವಳಿ’ ಎಂದು ಹುಡುಕಿ, ಅಲ್ಲಿ ಕಾಣುವ ಅಂಕಿಯನ್ನು ನೋಡಿ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುತ್ತಾರೆ. ನಮ್ಮ ಪುಟದಲ್ಲಿ ಆಗ ಇದ್ದದ್ದು ಕೇವಲ ಐದು ಅಭಿಪ್ರಾಯ. ನಾಲ್ವರು ಐದು ಸ್ಟಾರ್ ಕೊಟ್ಟಿದ್ದರು. ಒಬ್ಬರು, ಅಮಾವಾಸ್ಯೆಯ ದಿನ ಬಂದು ಬಾಗಿಲು ಮುಚ್ಚಿದ್ದನ್ನು ಕಂಡವರು, ಒಂದು ಸ್ಟಾರ್ ಕೊಟ್ಟಿದ್ದರು. ಒಟ್ಟು ಇಪ್ಪತ್ತೊಂದನ್ನು ಐದರಿಂದ ಭಾಗಿಸಿದರೆ 4.2. ಅದೇ ಒಂದು ಸ್ಟಾರಿನ ಜೊತೆಗೆ ಐದು ಸ್ಟಾರಿನ ನಲವತ್ತು ಅಭಿಪ್ರಾಯಗಳಿದ್ದಿದ್ದರೆ ಸರಾಸರಿ 4.9 ಆಗುತ್ತಿತ್ತು. ಬರೆಯುವವರು ಕಡಿಮೆ ಇದ್ದಾಗ ಒಬ್ಬರ ಬೇಸರದ ತೂಕ ಎಷ್ಟು ಹೆಚ್ಚುತ್ತದೆ ಎಂಬುದು ಈ ಲೆಕ್ಕದಿಂದ ನನಗೆ ತಿಳಿಯಿತು. ಆ ಗಿರಾಕಿಯದು ತಪ್ಪೆಂದು ನಾನು ಹೇಳುವುದಿಲ್ಲ; ಗೂಗಲ್ ಪುಟದಲ್ಲಿ ರಜೆಯ ದಿನವನ್ನು ನಮೂದಿಸದೆ ಬಿಟ್ಟದ್ದು ನಮ್ಮ ತಪ್ಪು. ಕೋಡ್ ಅಂಟಿಸುವ ಮೊದಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು ಮತ್ತು ರಜೆಯ ದಿನಗಳನ್ನು ಸರಿಪಡಿಸಬೇಕಾದದ್ದು ಎಲ್ಲರೂ ಮಾಡಬೇಕಾದ ಮೊದಲ ಕೆಲಸ.

ಕೊಂಡ ಸ್ಟ್ಯಾಂಡಿನ ವಿಚಾರಕ್ಕೆ ಬರುತ್ತೇನೆ. ಮಾರಾಟಗಾರರ ಹೆಸರು ಇಲ್ಲಿ ಬೇಡ. ಇಂಥ ಸೇವೆ ಮಾರುವವರು ಊರೂರಿಗೆ ಹಲವರಿದ್ದಾರೆ, ಮತ್ತು ನನ್ನ ಆಕ್ಷೇಪ ಇರುವುದು ಆ ಪದ್ಧತಿಯ ಮೇಲೆ. ಸ್ಟ್ಯಾಂಡು ನೋಡಲು ಚೆನ್ನಾಗಿತ್ತು. ಮುಂಭಾಗದಲ್ಲಿ ಕೋಡ್, ಒಳಗೆ ಫೋನ್ ತಾಗಿಸಿದರೆ ಪುಟ ತೆರೆಯುವ ಎನ್‌ಎಫ್‌ಸಿ ಚಿಪ್. ಈ ತಾಗಿಸುವ ಸೌಲಭ್ಯ ನಮ್ಮಲ್ಲಿ ಬಳಕೆಗೇ ಬರಲಿಲ್ಲ ಎನ್ನಬಹುದು, ಏಕೆಂದರೆ ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರ ಕೈಯಲ್ಲಿರುವ ಕಡಿಮೆ ಬೆಲೆಯ ಫೋನುಗಳಲ್ಲಿ ಎನ್‌ಎಫ್‌ಸಿ ಇರುವುದಿಲ್ಲ.

ತೊಂದರೆ ಇದ್ದದ್ದು ಕೋಡಿನ ಒಳಗೆ. ಅದನ್ನು ಸ್ಕ್ಯಾನ್ ಮಾಡಿದರೆ ನೇರವಾಗಿ ಗೂಗಲ್ ಪುಟಕ್ಕೆ ಹೋಗುತ್ತಿರಲಿಲ್ಲ. ಮಾರಾಟಗಾರರ ಸ್ವಂತ ಪುಟವೊಂದು ತೆರೆದು ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಮೊದಲು ಕೇಳುತ್ತಿತ್ತು. ನಾಲ್ಕು ಅಥವಾ ಐದು ಒತ್ತಿದವರನ್ನು ಗೂಗಲ್‌ಗೆ ಕಳುಹಿಸುತ್ತಿತ್ತು. ಮೂರು ಅಥವಾ ಅದಕ್ಕಿಂತ ಕಡಿಮೆ ಒತ್ತಿದವರಿಗೆ ‘ನಿಮ್ಮ ದೂರನ್ನು ಇಲ್ಲಿ ಬರೆಯಿರಿ’ ಎಂಬ ಪೆಟ್ಟಿಗೆಯನ್ನು ತೋರಿಸಿ, ಬರೆದದ್ದನ್ನು ನನ್ನ ವಾಟ್ಸಾಪ್‌ಗೆ ಕಳುಹಿಸಿ, ಅಲ್ಲಿಗೇ ಮುಗಿಸಿಬಿಡುತ್ತಿತ್ತು. ‘ಕೆಟ್ಟ ರಿವ್ಯೂ ಹೊರಗೆ ಹೋಗುವುದೇ ಇಲ್ಲ ಸರ್’ ಎಂಬುದೇ ಅವರು ಮಾರುವಾಗ ಹೇಳಿದ ಮುಖ್ಯ ಮಾತಾಗಿತ್ತು. ಅದನ್ನು ಒಳ್ಳೆಯ ಗುಣವೆಂದೇ ಭಾವಿಸಿ ನಾನು ಕೊಂಡೆ. ಗೂಗಲ್‌ನ ನಿಯಮಗಳನ್ನು ಓದಿದ್ದು ಆಮೇಲೆ. ಪ್ರತಿಕೂಲ ಅಭಿಪ್ರಾಯ ಬರೆಯದಂತೆ ಗಿರಾಕಿಗಳನ್ನು ತಡೆಯುವುದನ್ನೂ, ಮೆಚ್ಚಿದವರಿಂದ ಮಾತ್ರ ಆರಿಸಿ ಬರೆಸಿಕೊಳ್ಳುವುದನ್ನೂ ಆ ನಿಯಮಗಳು ಸ್ಪಷ್ಟವಾಗಿ ನಿಷೇಧಿಸುತ್ತವೆ. ರಿವ್ಯೂ ಬರೆದದ್ದಕ್ಕೆ ಹಣ, ರಿಯಾಯಿತಿ ಅಥವಾ ಉಚಿತ ವಸ್ತು ಕೊಡುವುದನ್ನೂ ನಿಷೇಧಿಸುತ್ತವೆ. ಐದು ಸ್ಟಾರ್ ಕೊಟ್ಟವರಿಗೆ ಒಂದು ಲೋಟ ಮಜ್ಜಿಗೆ ಉಚಿತ ಎಂದು ಬರೆಯೋಣವೆಂದು ನಾನು ಸೂಚಿಸಿದ್ದೆ. ಅಕ್ಕ ನಿಯಮವನ್ನೇನೂ ಓದಿರಲಿಲ್ಲ, ಆದರೆ ‘ಮಜ್ಜಿಗಿ ಎಲ್ಲಾರಿಗೂ ಕೊಡೋಣು, ಬರಸಾಕಂತ ಕೊಡೂದು ಬ್ಯಾಡ’ ಎಂದು ಒಂದೇ ಮಾತಿನಲ್ಲಿ ನಿರಾಕರಿಸಿದರು.

ಗಿರಾಕಿಗಳ ಆನ್‌ಲೈನ್ ಅಭಿಪ್ರಾಯಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪ್ರಕಟಿಸಬೇಕು ಎಂಬ ಬಗ್ಗೆ ನಮ್ಮ ದೇಶದಲ್ಲಿಯೂ ಒಂದು ಮಾನದಂಡವಿದೆ. ಭಾರತೀಯ ಮಾನಕ ಬ್ಯೂರೊ ರೂಪಿಸಿದ ಐಎಸ್ 19000:2022 ಎಂಬ ಆ ಮಾನದಂಡವನ್ನು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ಪ್ರಾಮಾಣಿಕತೆ, ನಿಖರತೆ, ಪಾರದರ್ಶಕತೆ, ಖಾಸಗಿತನ ಮೊದಲಾದವು ಅದರ ತತ್ವಗಳು. ಬಿಡುಗಡೆಯಾದಾಗ ಅದರ ಪಾಲನೆ ಸ್ವಯಂಪ್ರೇರಿತವಾಗಿತ್ತಾದರೂ, ಮೆಚ್ಚಿದವರನ್ನು ಒಂದು ಬಾಗಿಲಿನಿಂದ ಮೆಚ್ಚದವರನ್ನು ಇನ್ನೊಂದು ಬಾಗಿಲಿನಿಂದ ಕಳುಹಿಸುವ ಯಂತ್ರವನ್ನು ಊಟದ ಮನೆಯಲ್ಲಿ ಇಟ್ಟುಕೊಳ್ಳುವುದು ಆ ತತ್ವಗಳಿಗೆ ಹೊಂದುವುದಿಲ್ಲವೆಂದು ತಿಳಿಯಲು ಕಾನೂನು ಓದಬೇಕಾಗಿಲ್ಲ.

‘ದೂರು ಮಾಲೀಕರಿಗೆ ತಲುಪುತ್ತದಲ್ಲ, ಮತ್ತೇನು ಬೇಕು?’ ಎಂದು ಮಾರಾಟಗಾರರು ವಾದಿಸುತ್ತಾರೆ. ನನ್ನ ಅನುಭವ ಬೇರೆ. ವಾಟ್ಸಾಪ್‌ಗೆ ಬಂದ ದೂರುಗಳು ಹಾಲಿನವರ, ತರಕಾರಿಯವರ, ಸಿಲಿಂಡರಿನ ಸಂದೇಶಗಳ ನಡುವೆ ಕೆಳಗೆ ಸರಿದು ಹೋದವು. ನಾನು ನೋಡಿದರೂ ಅಕ್ಕನಿಗೆ ಹೇಳಲು ಮರೆತೆ. ಎಲ್ಲರೆದುರು ಬರೆದ ದೂರಿಗೆ ಹಾಗಾಗುವುದಿಲ್ಲ. ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ, ಉತ್ತರದಲ್ಲಿ ಹೇಳಿದ್ದನ್ನು ಮಾಡಬೇಕಾಗುತ್ತದೆ, ಮಾಡಿದ್ದಾರೋ ಇಲ್ಲವೋ ಎಂದು ಮುಂದಿನ ಗಿರಾಕಿ ಬಂದು ನೋಡುತ್ತಾರೆ.

ಆ ಸೇವೆ ಕೊನೆಗೊಂಡ ರೀತಿಯಿಂದ ಇನ್ನೊಂದು ಪಾಠ ಕಲಿತೆ. ಕ್ಯೂಆರ್ ಕೋಡ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ನಾವು ತಲುಪಬೇಕಾದ ವಿಳಾಸವೇ ಕಪ್ಪು ಬಿಳಿ ಚೌಕಗಳಲ್ಲಿ ಅಚ್ಚಾಗಿರುತ್ತದೆ. ಆ ವಿಳಾಸ ಇರುವವರೆಗೂ ಕೋಡ್ ಕೆಲಸ ಮಾಡುತ್ತದೆ, ಅದಕ್ಕೆ ಯಾರಿಗೂ ಬಾಡಿಗೆ ಕೊಡಬೇಕಾಗಿಲ್ಲ. ‘ಡೈನಮಿಕ್’ ಎಂದು ಕರೆಯುವ ಇನ್ನೊಂದರಲ್ಲಿ ಮಾರಾಟಗಾರರ ವಿಳಾಸ ಅಚ್ಚಾಗಿರುತ್ತದೆ. ಅವರ ಕಂಪ್ಯೂಟರು ಅಲ್ಲಿಂದ ನಮ್ಮ ಪುಟಕ್ಕೆ ದಾರಿ ತೋರಿಸಬೇಕು. ಇದಕ್ಕೂ ಉಪಯೋಗವಿದೆ: ಎಷ್ಟು ಜನ ಸ್ಕ್ಯಾನ್ ಮಾಡಿದರು ಎಂಬ ಲೆಕ್ಕ ಸಿಗುತ್ತದೆ, ಮುದ್ರಿಸಿದ ಕೋಡನ್ನು ಬದಲಿಸದೆ ಅದು ತಲುಪುವ ಪುಟವನ್ನು ಬದಲಿಸಬಹುದು. ಆದರೆ ಚಂದಾ ಮುಗಿದ ದಿನ ದಾರಿ ಮುಚ್ಚುತ್ತದೆ. ನಮ್ಮದು ಹಾಗೆಯೇ ಮುಚ್ಚಿತು. ಅದು ನಮಗೆ ಗೊತ್ತಾದದ್ದು ಧಾರವಾಡದಿಂದ ಬಂದಿದ್ದ ಗಿರಾಕಿಯೊಬ್ಬರು ‘ಇದು ತೆರೀವಲ್ದ್ರೀ’ ಎಂದು ಫೋನ್ ತೋರಿಸಿದಾಗ. ಅಷ್ಟರಲ್ಲಿ ಎಷ್ಟು ದಿನ ಹಾಗೆ ಹೋಗಿತ್ತೋ ತಿಳಿಯದು. ಸ್ಟ್ಯಾಂಡಿಗೆ ಒಮ್ಮೆ ಹಣ ಕೊಟ್ಟರೆ ಅದು ನಮ್ಮದಾಯಿತೆಂದು ತಿಳಿದಿದ್ದೆ. ನಮ್ಮದಾಗಿದ್ದದ್ದು ಅಕ್ರಿಲಿಕ್ ಮಾತ್ರ.

ಈಗ ಬಳಸುತ್ತಿರುವ ಉಚಿತ ಕೋಡಿನ ವಿಷಯ. 2021ರ ನವೆಂಬರಿನವರೆಗೆ ಗೂಗಲ್ ಮೈ ಬಿಸಿನೆಸ್ ಎಂದಿದ್ದುದಕ್ಕೆ ಈಗ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಹೆಸರು. ಅಂಗಡಿ ನಮ್ಮದೇ ಎಂದು ಮೊದಲು ದೃಢಪಡಿಸಬೇಕು. ಒಮ್ಮೆ ಅದು ಮುಗಿದ ಮೇಲೆ, ಅದೇ ಖಾತೆಯಿಂದ ಗೂಗಲ್‌ನಲ್ಲಿ ಅಂಗಡಿಯ ಹೆಸರನ್ನು ಹುಡುಕಿದರೆ ಮಾಲೀಕರಿಗೆ ಮಾತ್ರ ಕಾಣುವ ಗುಂಡಿಗಳಲ್ಲಿ ರಿವ್ಯೂ ಕೇಳುವ ಗುಂಡಿಯೂ ಇರುತ್ತದೆ. ಅದನ್ನು ಒತ್ತಿದರೆ ಒಂದು ಚಿಕ್ಕ ಲಿಂಕ್ ಮತ್ತು ಒಂದು ಕ್ಯೂಆರ್ ಚಿತ್ರ ಸಿಗುತ್ತವೆ. ಗಿರಾಕಿ ಸ್ಕ್ಯಾನ್ ಮಾಡಿದರೆ ನೇರವಾಗಿ ಸ್ಟಾರ್ ಕೊಡುವ ಜಾಗವೇ ತೆರೆಯುತ್ತದೆ. ನಡುವೆ ಯಾರೂ ಇಲ್ಲ, ಚಂದಾ ಇಲ್ಲ. ಎಷ್ಟು ಜನ ಸ್ಕ್ಯಾನ್ ಮಾಡಿದರು ಎಂಬ ಲೆಕ್ಕ ಮಾರಾಟಗಾರರ ಸೇವೆಯಲ್ಲಿದ್ದಂತೆ ಇಲ್ಲಿ ಕೈಗೆ ಬರುವುದಿಲ್ಲ. ನಮಗೆ ಅದರಿಂದ ತೊಂದರೆಯೇನೂ ಆಗಿಲ್ಲ.

ಮುದ್ರಣದಲ್ಲಿ ಮಾತ್ರ ಎಚ್ಚರ ಬೇಕು. ಇಲ್ಲಿ ನಾವು ಎರಡು ಸಲ ಎಡವಿದೆವು. ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಲ್ಲಿ ಮಸಾಹಿರೊ ಹಾರಾ ಅವರ ತಂಡ ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಕಾರ್ಖಾನೆಯ ಎಣ್ಣೆ ಕಲೆಗಳ ನಡುವೆಯೂ ಓದಿಸಿಕೊಳ್ಳಬೇಕಾಗಿದ್ದ ಕೋಡ್ ಅದು. ಹಾಗಾಗಿ ಒಂದಷ್ಟು ಭಾಗ ಹಾಳಾದರೂ ಉಳಿದದ್ದರಿಂದ ಪೂರ್ತಿ ವಿಷಯವನ್ನು ಮರಳಿ ಪಡೆಯುವ ವ್ಯವಸ್ಥೆ ಅದರಲ್ಲಿದೆ. ಈ ವ್ಯವಸ್ಥೆಗೆ ನಾಲ್ಕು ಮಟ್ಟಗಳಿದ್ದು, ಕನಿಷ್ಠ ಮಟ್ಟದಲ್ಲಿ ಸುಮಾರು 7 ಶೇಕಡ, ಗರಿಷ್ಠ ಮಟ್ಟದಲ್ಲಿ ಸುಮಾರು 30 ಶೇಕಡ ಹಾನಿಯನ್ನು ಅದು ತಾಳುತ್ತದೆ. ಪಲ್ಯದ ಎಣ್ಣೆ, ಅರಿಸಿನ, ತೊಳೆದ ಕೈಯ ನೀರು ತಾಗುವ ಖಾನಾವಳಿಯಂಥ ಜಾಗಕ್ಕೆ ಇದು ದೊಡ್ಡ ಗುಣ. ಆದರೆ ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಮುಚ್ಚಿಹೋದರೆ ಫೋನು ಕೋಡನ್ನು ಗುರುತಿಸುವುದೇ ಕಷ್ಟ, ಮತ್ತು ಸುತ್ತಲೂ ಕನಿಷ್ಠ ನಾಲ್ಕು ಚಿಕ್ಕ ಚೌಕಗಳಷ್ಟು ಅಗಲದ ಖಾಲಿ ಅಂಚು ಇರಲೇಬೇಕು. ಫ್ಲೆಕ್ಸ್ ಅಂಗಡಿಯವರು ಪ್ರೀತಿಯಿಂದ ಆ ಖಾಲಿ ಅಂಚಿನ ತುಂಬ ಹೂಬಳ್ಳಿ ಬಿಡಿಸಿಕೊಟ್ಟರು. ಹಲವು ಫೋನುಗಳಲ್ಲಿ ಕೋಡ್ ಓದಲಿಲ್ಲ. ಎರಡನೆಯ ಸಲ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದೆವು. ಮೇಲಿನ ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದು ಮತ್ತೆ ಅದೇ ತೊಂದರೆ. ಹೊಳಪಿಲ್ಲದ ಲ್ಯಾಮಿನೇಷನ್, ಬಿಳಿಯ ಮೇಲೆ ಕಪ್ಪು, ಸುತ್ತ ಖಾಲಿ ಜಾಗ, ಇಷ್ಟಿದ್ದರೆ ಸಾಕು. ಸ್ಕ್ಯಾನ್ ಮಾಡುವವರು ನಿಲ್ಲುವ ದೂರದ ಹತ್ತನೇ ಒಂದು ಭಾಗದಷ್ಟಾದರೂ ಕೋಡಿನ ಅಗಲ ಇರಬೇಕೆಂಬ ರೂಢಿಯ ಲೆಕ್ಕವಿದೆ. ಒಂದು ಮೊಳ ದೂರದಿಂದ ಹಿಡಿಯುವ ಫೋನಿಗೆ ಐದು ಸೆಂಟಿಮೀಟರ್ ಧಾರಾಳವಾಯಿತು.

ಅದಕ್ಕಿಂತ ದೊಡ್ಡ ಪ್ರಶ್ನೆ, ಅದನ್ನು ಎಲ್ಲಿ ಇಡಬೇಕೆಂಬುದು. 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮಲ್ಲಿ ಕ್ಯೂಆರ್ ಕೋಡ್ ಎಂದರೆ ಹಣ ಕೊಡುವ ಸಾಧನ ಎಂದೇ ಅರ್ಥ ನೆಲೆನಿಂತಿದೆ. ಅದನ್ನು ಕೋಡ್ ಎಂದು ಕರೆಯುವವರೂ ಕಡಿಮೆ, ‘ಸ್ಕ್ಯಾನರ್ ಎಲ್ಲೈತ್ರೀ?’ ಎಂದೇ ಕೇಳುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ, ಸೌಂಡ್ ಬಾಕ್ಸಿನ ಪಕ್ಕದಲ್ಲಿ ರಿವ್ಯೂ ಕೋಡ್ ಇಟ್ಟಾಗ ಗಿರಾಕಿಗಳು ಹಣ ಕಟ್ಟುವ ಆ್ಯಪ್ ತೆರೆದು ಅದನ್ನೇ ಸ್ಕ್ಯಾನ್ ಮಾಡಿದರು. ಹಣದ ಕೋಡಿನಲ್ಲಿರುವುದು ಯುಪಿಐ ವಿಳಾಸ, ಇದರಲ್ಲಿರುವುದು ವೆಬ್ ವಿಳಾಸ. ಆ್ಯಪ್ ಅದನ್ನು ಹಣದ ಕೋಡೆಂದು ಒಪ್ಪಲಿಲ್ಲ. ಊಟದ ಹೊತ್ತಿನಲ್ಲಿ ಹಿಂದೆ ಸಾಲು ಬೆಳೆಯಿತು. ವಯಸ್ಸಾದ ಒಬ್ಬರು ‘ಎರಡು ಸಲ ರೊಕ್ಕ ಹಾಕೂದೇನವ್ವಾ?’ ಎಂದು ಅಕ್ಕನನ್ನು ಕೇಳಿದರು. ಅವರ ಆ ಆತಂಕ ನ್ಯಾಯವಾದದ್ದು. ಕೋಡ್ ತೋರಿಸಿ ಹಣ ಲಪಟಾಯಿಸುವ ಸುದ್ದಿಗಳನ್ನು ಜನ ದಿನವೂ ಓದುತ್ತಿರುವಾಗ, ಗೊತ್ತಿಲ್ಲದ ಕೋಡೊಂದನ್ನು ಅವರ ಮುಂದೆ ಇಟ್ಟು ಸ್ಕ್ಯಾನ್ ಮಾಡಿ ಎನ್ನುವವರು ಅದು ಏನೆಂದು ಅವರ ಭಾಷೆಯಲ್ಲಿಯೇ ಹೇಳಬೇಕು. ಮೊದಲ ಸ್ಟ್ಯಾಂಡಿನ ಮೇಲೆ ಇದ್ದದ್ದು ಇಂಗ್ಲಿಷ್ ಸಾಲು ಮಾತ್ರ. ಈಗ ನಮ್ಮ ಕೋಡಿನ ಮೇಲೆ ‘ಊಟ ಹೇಗಿತ್ತು? ಇದ್ದದ್ದನ್ನು ಇದ್ದಂತೆ ಗೂಗಲ್‌ನಲ್ಲಿ ಬರೆಯಿರಿ’ ಎಂದೂ, ಕೆಳಗೆ ದಪ್ಪ ಅಕ್ಷರದಲ್ಲಿ ‘ಇದು ಹಣ ಕಟ್ಟುವ ಸ್ಕ್ಯಾನರ್ ಅಲ್ಲ, ಫೋನಿನ ಕ್ಯಾಮೆರಾದಿಂದ ನೋಡಿ’ ಎಂದೂ ಬರೆಸಿದ್ದೇವೆ. ಆ ಮೇಲೆ ಯಾರೂ ತಪ್ಪು ತಿಳಿದಿಲ್ಲ.

ಜಾಗವನ್ನೂ ಬದಲಿಸಿದೆವು. ಊಟದ ಮೇಜಿನ ಮೇಲೆ ಇಟ್ಟರೆ ಕೈ ಎಂಜಲು. ಕೈ ತೊಳೆಯುವ ತೊಟ್ಟಿಯ ಬಳಿ ಇಟ್ಟರೆ ಕೈ ಒದ್ದೆ. ಹಣ ಕೊಟ್ಟು, ಬಡೆಸೋಪು ಬಾಯಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟುವ ಮೊದಲು ಜನ ಒಂದು ಕ್ಷಣ ನಿಲ್ಲುತ್ತಾರೆ. ಆ ಕ್ಷಣವೇ ಸರಿಯಾದ ಕ್ಷಣವೆಂದು ತಿಳಿಯಲು ನಮಗೆ ಮೂರು ತಿಂಗಳು ಬೇಕಾಯಿತು. ಬಡೆಸೋಪಿನ ತಟ್ಟೆಯ ಪಕ್ಕಕ್ಕೆ ಕೋಡ್ ಬಂದ ಮೇಲೆ ಬರೆಯುವವರು ಹೆಚ್ಚಾದರು. ಅಲ್ಲಿಯೂ ಕೋಡ್ ತಾನಾಗಿ ಕೆಲಸ ಮಾಡುವುದಿಲ್ಲ. ಅಕ್ಕ ಬಾಯಿಬಿಟ್ಟು ‘ಊಟ ಹೆಂಗಾತ್ರೀ? ತಿಳಿದಂಗ ಬರೀರಿ’ ಎಂದ ದಿನ ನಾಲ್ಕು ಜನ ಬರೆದರೆ, ಗಡಿಬಿಡಿಯಲ್ಲಿ ಹೇಳದ ದಿನ ಒಬ್ಬರೂ ಬರೆಯುವುದಿಲ್ಲ. ಮನೆಗೆಲಸದ ಸೇವೆ ಕೊಡುವವರು, ನಲ್ಲಿ ರಿಪೇರಿಯವರು, ಹೊಲಿಗೆಯವರು ಕೋಡಿನ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳುಹಿಸುವುದನ್ನು ನೋಡಿದ್ದೇನೆ. ಅದರ ಬದಲು ಲಿಂಕನ್ನೇ ಕಳುಹಿಸುವುದು ಸರಿ, ಏಕೆಂದರೆ ತನ್ನದೇ ಪರದೆಯ ಮೇಲಿರುವ ಕೋಡಿಗೆ ಫೋನಿನ ಕ್ಯಾಮೆರಾ ಹಿಡಿಯಲಾಗದು.

ಸ್ಕ್ಯಾನ್ ಮಾಡಿಯೂ ಬರೆಯದೆ ಹೋಗುವವರು ಇದ್ದೇ ಇದ್ದಾರೆ. ಗೂಗಲ್ ಖಾತೆ ಇಲ್ಲದೆ ರಿವ್ಯೂ ಬರೆಯಲಾಗುವುದಿಲ್ಲ. ತಮ್ಮ ಹೆಸರು ಎಲ್ಲರಿಗೂ ಕಾಣುತ್ತದೆಂಬ ಅಳುಕಿನಿಂದ ಕೆಲವರು, ವಿಶೇಷವಾಗಿ ಹೆಣ್ಣುಮಕ್ಕಳು, ಹಿಂಜರಿಯುತ್ತಾರೆ, ಅಂಥವರನ್ನು ಒತ್ತಾಯಿಸಬಾರದು. ಕನ್ನಡದಲ್ಲಿ ಟೈಪು ಮಾಡುವುದು ಕಷ್ಟವೆಂಬುದು ಬಹಳ ಜನರ ಮಾತು. ಅವರಿಗೆ ಕೀಬೋರ್ಡಿನ ಮೈಕ್ ಗುರುತನ್ನು ಒತ್ತಿ ಮಾತಾಡಿದರೆ ಅಕ್ಷರವಾಗುತ್ತದೆಂದು ತೋರಿಸಿದ್ದೇನೆ. ಹಾಗೆ ಬಂದ ಅಭಿಪ್ರಾಯಗಳಲ್ಲಿ ಕಾಗುಣಿತ ತಪ್ಪಿದರೂ ಮಾತಿನ ಜೀವ ಇರುತ್ತದೆ.

ಈ ಕಾರಣಕ್ಕೇ ಇತ್ತೀಚೆಗೆ ಬಂದಿರುವ ಇನ್ನೊಂದು ಬಗೆಯ ಸೇವೆಯ ಬಗ್ಗೆ ಎಚ್ಚರಿಸಬೇಕೆನಿಸುತ್ತದೆ. ಅದರಲ್ಲಿ ಗಿರಾಕಿ ಸ್ಕ್ಯಾನ್ ಮಾಡಿದರೆ ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ರಿವ್ಯೂ ಬರುತ್ತದೆ; ಅದನ್ನು ನಕಲು ಮಾಡಿ ಅಂಟಿಸಿದರೆ ಆಯಿತು. ನನಗೂ ಒಬ್ಬರು ತೋರಿಸಿದರು. ‘ಅತ್ಯುತ್ತಮ ಸೇವೆ, ರುಚಿಕರ ಆಹಾರ, ಸ್ವಚ್ಛ ವಾತಾವರಣ’ ಎಂಬ ಸಾಲುಗಳು ಖಾನಾವಳಿಗೂ ಹೊಂದುತ್ತವೆ, ಐಸ್‌ಕ್ರೀಮ್ ಅಂಗಡಿಗೂ ಹೊಂದುತ್ತವೆ. ಅವುಗಳನ್ನು ಓದಿ ಹೊಸ ಗಿರಾಕಿಗೆ ಏನು ತಿಳಿಯಬೇಕು? ಅಕ್ಕ ಏನು ತಿದ್ದಿಕೊಳ್ಳಬೇಕು? ನಮಗೆ ನಿಜವಾಗಿ ನೆರವಾದವು ಮೂರು, ನಾಲ್ಕು ಸ್ಟಾರಿನ ಅಭಿಪ್ರಾಯಗಳು. ಊಟದ ದರ ಎಲ್ಲಿಯೂ ಬರೆದಿಲ್ಲ ಎಂದು ಒಬ್ಬರು ಬರೆದರು, ಫಲಕ ಹಾಕಿಸಿದೆವು. ಮೂಲೆಯ ಮೇಜಿಗೆ ಫ್ಯಾನಿನ ಗಾಳಿ ಬರುವುದಿಲ್ಲ ಎಂದು ಏಪ್ರಿಲಿನಲ್ಲಿ ಇಬ್ಬರು ಬರೆದರು. ಗೋಡೆಗೆ ಒಂದು ಫ್ಯಾನ್ ಬಂತು. ಖಾರ ಹೆಚ್ಚೆಂದು ಬೆಂಗಳೂರಿನವರೊಬ್ಬರು ಬರೆದಾಗ ಅಕ್ಕ ಅಡುಗೆಯನ್ನು ಬದಲಿಸಲಿಲ್ಲ. ಖಾರ ಕಡಿಮೆ ಬೇಕಾದವರು ಮೊದಲೇ ಹೇಳಿದರೆ ತುಪ್ಪ, ಮೊಸರು ಹೆಚ್ಚು ಬಡಿಸುತ್ತೇವೆಂದು ನನ್ನಿಂದ ಉತ್ತರ ಬರೆಸಿದರು. ಆ ಉತ್ತರವನ್ನು ಓದಿಕೊಂಡು ಬಂದು ‘ಖಾರ ಕಡಿಮೆ’ ಎಂದು ಕೇಳಿದವರು ಈಗಾಗಲೇ ಹಲವರು.

ಬರೆದ ಅಭಿಪ್ರಾಯವೆಲ್ಲ ಪುಟದಲ್ಲಿ ಕಾಣಿಸಿಕೊಳ್ಳುತ್ತದೆಂಬ ಖಾತರಿಯಿಲ್ಲ. ಅನುಮಾನದ ರಿವ್ಯೂಗಳನ್ನು ಸೋಸುವ ತನ್ನ ವ್ಯವಸ್ಥೆಯಿಂದ ಗೂಗಲ್ ಕೆಲವನ್ನು ತಡೆಹಿಡಿಯುತ್ತದೆ, ಪ್ರಾಮಾಣಿಕವಾಗಿ ಬರೆದವೂ ಒಮ್ಮೊಮ್ಮೆ ಸಿಕ್ಕಿಬೀಳುತ್ತವೆ. ಸ್ವಿಗ್ಗಿ, ಜೊಮ್ಯಾಟೊಗಳ ಸ್ಟಾರ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು ಎಚ್ಚರಿಕೆ: ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎರಡೂ ಕೋಡ್‌ಗಳನ್ನು, ಹಣದ್ದನ್ನೂ ರಿವ್ಯೂದನ್ನೂ, ಒಮ್ಮೆ ನಮ್ಮ ಫೋನಿನಿಂದ ಸ್ಕ್ಯಾನ್ ಮಾಡಿ ನೋಡಬೇಕು. ಮೇಲೆ ಬೇರೆಯವರ ಚೀಟಿ ಅಂಟಿಸಿ ಮೋಸ ಮಾಡುವುದು ಸುಲಭ. ಬೆರಳಿನಿಂದ ಅಂಚನ್ನು ಸವರಿದರೆ ತಿಳಿದುಬಿಡುತ್ತದೆ.

ಕೊಂಡ ಸ್ಟ್ಯಾಂಡನ್ನು ಎಸೆಯಲಿಲ್ಲ. ಒಳಗಿನ ಚಿಪ್ ತೆಗೆದು, ಹಳೆಯ ಹಾಳೆಯ ಜಾಗದಲ್ಲಿ ನಮ್ಮ ಕೋಡ್ ಸೇರಿಸಿದ್ದೇವೆ.

ಭಾನುವಾರ ಸಂಜೆ ಅಡುಗೆಮನೆ ತೊಳೆದಾದ ಮೇಲೆ ವಾರದ ಅಭಿಪ್ರಾಯಗಳನ್ನು ನಾನು ಗಟ್ಟಿಯಾಗಿ ಓದುತ್ತೇನೆ. ರೊಟ್ಟಿ ಬಡಿಯುವ ಇಬ್ಬರು ಅವ್ವಂದಿರು ಕೇಳುತ್ತ ಕೂರುತ್ತಾರೆ. ಅವರಿಗೆ ಓದು ಬಾರದು, ಗೋಡೆಯ ಆಚೆ ಕೂತು ಉಣ್ಣುವವರ ಮುಖವೂ ಅವರಿಗೆ ಕಾಣುವುದಿಲ್ಲ. ‘ಎರಡನೆಯ ರೊಟ್ಟಿ ಆರಿತ್ತು’ ಎಂದು ಒಬ್ಬರು ಬರೆದಿದ್ದನ್ನು ಓದಿದಾಗ ಹಿರಿಯ ಅವ್ವ ‘ಅವ್ರು ಎಷ್ಟೊತ್ತಿಗೆ ಬಂದಿದ್ರು ಅಂತ ಬರದಾರೇನು?’ ಎಂದು ಕೇಳಿದರು. ಎರಡೂವರೆಗೆ ಎಂದು ಬರೆದಿತ್ತು. ಎರಡಕ್ಕೆ ಒಲೆ ತಗ್ಗಿಸಿ ಬುಟ್ಟಿಯಲ್ಲಿ ಮುಚ್ಚಿಡುವುದನ್ನು ಬಿಟ್ಟು, ಆ ಸೋಮವಾರದಿಂದ ಮೂರರವರೆಗೂ ಹಂಚು ಕಾಯಿಸಿಯೇ ಇಡುತ್ತಿದ್ದಾರೆ.